ಜೇಬೆಜ್‌ನ ಉಳಿಗೆ ಸಾಣೆ ಹಿಡಿದವರು

ಡಾರ್ಕಸ್ ಟ್ಯಾಪಿಂಗ್ ಎಡಚಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾರ ತಲೆಗೂ ಹತ್ತುವುದಿಲ್ಲ. ಬ್ರೆಡ್ಡು ಕೊಯ್ಯುವುದು ಎಡಗೈಯಲ್ಲಿ, ಅಡುಗೆಮನೆಗೆ ನುಗ್ಗಿದ ಬೆಕ್ಕಿಗೆ ಬಾರಿಸುವುದೂ ಎಡಗೈಯಲ್ಲೇ. ಆಳು ಗಿಡ್ಡ, ಮಾತು ಕಡಿಮೆ, ಹಟ ಮಾತ್ರ ಆಳಿಗಿಂತ ಎತ್ತರ. ನಮ್ಮ ಲಾರ್ಕ್ಸ್ ಎಂಡ್ ಹಳ್ಳಿಯಲ್ಲಿ ಅವಳನ್ನು ಕಂಡರೆ ಕೆಲವರಿಗೆ ಆಗುತ್ತಿರಲಿಲ್ಲ. ನನಗೆ ಆಗುತ್ತಿತ್ತು. ನನ್ನ ಹೆಸರು ಅಬ್ನರ್ ಲೇಸಿ. ಅವಳ ಗಂಡ ಜೇಬೆಜ್ ಕೆಲಸ ಮಾಡುತ್ತಿದ್ದ ಗುಡಿಸಲಿನ ಪಕ್ಕದ್ದೇ ನನ್ನ ಗುಡಿಸಲು.

ನಾವು ಬೀಚ್ ಮರಗಳ ಕಾಡಿನಲ್ಲಿ ಕುರ್ಚಿಯ ಕಾಲು ಕಡೆಯುವವರು. ಕುರ್ಚಿ ಮಾಡುವವರಲ್ಲ, ಕಾಲು ಮಾತ್ರ. ಕೂರುವ ಹಲಗೆ, ಬೆನ್ನು, ಬಣ್ಣ, ಹೆಸರು ಎಲ್ಲ ಕೆಳಗೆ ವಿಕಂ ಪಟ್ಟಣದ ಕಾರ್ಖಾನೆಯವರ ಪಾಲು. ಮರ ಬಿದ್ದಲ್ಲೇ ಗುಡಿಸಲು ಹಾಕಿಕೊಂಡು ಹಸಿ ಮರವನ್ನೇ ಸೀಳಿ, ಸವರಿ, ಲೇತಿಗೆ ಏರಿಸುತ್ತೇವೆ. ಲೇತು ಅಂದರೆ ದೊಡ್ಡ ಯಂತ್ರವೇನಲ್ಲ. ತಲೆಯ ಮೇಲೊಂದು ಬಾಗುವ ಗಳ, ಕಾಲಡಿಗೊಂದು ಮೆಟ್ಟು, ಎರಡರ ನಡುವೆ ಮರವನ್ನು ಸುತ್ತಿ ಬರುವ ಹಗ್ಗ. ಮೆಟ್ಟಿದಾಗ ಮರ ನಮ್ಮ ಕಡೆ ತಿರುಗುತ್ತದೆ, ಬಿಟ್ಟಾಗ ಗಳ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಒರಟು ತೆಗೆಯುವುದಕ್ಕೆ ಡೊಂಕು ಉಳಿ. ಅದನ್ನು ಯಾವ ಕತ್ತೆಯೂ ಕಲಿಯಬಹುದು. ನಯ ಬರುವುದು ಓರೆ ಉಳಿಯಿಂದ. ಚಪ್ಪಟೆ ಉಕ್ಕಿನ ಪಟ್ಟಿ, ತುದಿ ಓರೆಯಾಗಿ ಕತ್ತರಿಸಿದ್ದು, ಎರಡೂ ಮೈ ಇಳಿಜಾರು. ಒಂದು ಮೂಲೆ ಉದ್ದ, ಇನ್ನೊಂದು ಗಿಡ್ಡ. ಇಳಿಜಾರನ್ನು ಮೊದಲು ಮರದ ಮೇಲೆ ಸುಮ್ಮನೆ ಒರಗಿಸಬೇಕು. ಆಮೇಲೆ ಹಿಡಿಯನ್ನು ಮೆಲ್ಲಗೆ ಎತ್ತುತ್ತ ಹೋದರೆ ಒಂದು ಹಂತದಲ್ಲಿ ಅಲಗು ತಾನಾಗಿ ಮರ ಹಿಡಿದು ಸಿಪ್ಪೆ ಸುರುಳಿಯಾಗಿ ಏಳುತ್ತದೆ. ಅಲಗಿನ ನಡುಭಾಗ, ಇಲ್ಲವೇ ಗಿಡ್ಡ ಮೂಲೆಯ ಹತ್ತಿರದ್ದು ಮಾತ್ರ ಕೆಲಸ ಮಾಡಬೇಕು. ಉದ್ದ ಮೂಲೆ ಮರಕ್ಕೆ ತಾಗಿತೋ ಕೆಟ್ಟಿತು. ಉಳಿ ಕಚ್ಚುತ್ತದೆ, ನೋಡುನೋಡುತ್ತಿದ್ದಂತೆ ಕಾಲಿನ ಉದ್ದಕ್ಕೂ ತಿರುಪಿನ ಗೀರು ಬಿದ್ದುಹೋಗುತ್ತದೆ. ಅಂಥ ಕಾಲು ಒಲೆಗೇ ಸರಿ.

ಈ ಉಳಿಯ ಇನ್ನೊಂದು ಗುಣವೆಂದರೆ ಅದು ಒಬ್ಬನ ಕೈಗೆ ಒಗ್ಗುತ್ತ ಒಗ್ಗುತ್ತ ಅವನದೇ ಆಗಿಬಿಡುವುದು. ದಿನಾ ಮಸೆದು ಮಸೆದು ಅವನ ಎತ್ತರ, ಅವನ ಭುಜ, ಅವನ ಸೋಮಾರಿತನ ಎಲ್ಲ ಆ ಇಳಿಜಾರಿನಲ್ಲಿ ಕೂತುಬಿಡುತ್ತವೆ. ಜೇಬೆಜ್ ಉದ್ದನೆಯ ಆಸಾಮಿ. ಒಂದೇ ದಿಕ್ಕಿಗೆ ಕಡೆಯುತ್ತಿದ್ದ. ಇನ್ನೊಂದು ಅರ್ಧಕ್ಕೆ ಕೈ ಬದಲಿಸುವ ಬದಲು ಕಾಲನ್ನೇ ಕಿತ್ತು ತಿರುಗಿಸಿ ಹಾಕುತ್ತಿದ್ದ. ಹಾಗಾಗಿ ಅವನ ಉಳಿಯ ಒಂದು ಮೈ ಉದ್ದನೆಯ ಇಳಿಜಾರು, ಇನ್ನೊಂದು ಮೊಂಡು. ಕಣ್ಣು ಮುಚ್ಚಿ ಹೆಬ್ಬೆರಳು ಸವರಿದರೂ ಇದು ಜೇಬೆಜ್‌ನದು ಎಂದು ನಾವು ಯಾರು ಬೇಕಾದರೂ ಹೇಳುತ್ತಿದ್ದೆವು.

ಒಬ್ಬನ ಉಳಿಯ ಇಳಿಜಾರನ್ನು ಅವನು ಬದುಕಿರುವಾಗ ಇನ್ನೊಬ್ಬರು ಬದಲಿಸುವುದಿಲ್ಲ. ಅವನನ್ನು ಮಣ್ಣು ಮಾಡಿದ ಮೇಲೆ ಉಳಿ ಯಾರಿಗೆ ಸೇರುತ್ತದೋ ಅವರು ಅದನ್ನು ಸಾಣೆಕಲ್ಲಿಗೆ ಹಿಡಿದು ತಮ್ಮ ಕೈಗೆ ಬೇಕಾದಂತೆ ಮಾಡಿಕೊಳ್ಳುತ್ತಾರೆ. ಕಲ್ಲಿನ ಹಿಡಿಕೆ ತಿರುಗಿಸುವುದು ಸತ್ತವನಿಗೆ ತೀರ ಹತ್ತಿರದವರು. ಉಳಿದವರು ಟೋಪಿ ತೆಗೆದು ನಿಲ್ಲುತ್ತೇವೆ. ಪಾದ್ರಿಗಳ ಪ್ರಾರ್ಥನೆಗಿಂತ ನಮಗೆ ಆ ಕಲ್ಲಿನ ಸದ್ದೇ ಕೊನೆಯದು. ಅದಾದ ಮೇಲೆ ಹೋದವನು ನಿಜವಾಗಿ ಹೋದ ಎಂದು ಲೆಕ್ಕ.

ಜೇಬೆಜ್‌ಗೆ ಕೆಮ್ಮು ಹತ್ತಿದ್ದು ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ. ಮೊದಮೊದಲು ಹೊಟ್ಟಿನ ಧೂಳು ಎಂದೆವು. ಆಮೇಲೆ ಕರವಸ್ತ್ರದಲ್ಲಿ ರಕ್ತ ಕಂಡಿತು. ಅವನನ್ನು ದೂರದ ಊರಿನ ಕ್ಷಯದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಅವನು ಗುಡಿಸಲಿಗೆ ಬಂದು ಓರೆ ಉಳಿಗೆ ಎಣ್ಣೆ ಸವರಿ ಗೋಡೆಯ ಮೊಳೆಗೆ ತೂಗುಹಾಕಿದ. ಡಾರ್ಕಸ್ ಅವನ ಕೋಟು ಹಿಡಿದು ನಿಂತಿದ್ದಳು. ಅವನ ತಾಯಿ ಹೆಪ್ಸಿ ಬಾಗಿಲ ಬಳಿ ಮುಖ ತಿರುಗಿಸಿಕೊಂಡು ಕೂತಿದ್ದಳು.

"ಕೊಡಲಿ, ಗರಗಸ, ಡೊಂಕು ಉಳಿ, ಏನ್ ಬೇಕಾದ್ರೂ ಬಳಸ್ಕೋ," ಎಂದ ಹೆಂಡತಿಗೆ. "ಇದೊಂದನ್ನ ಮುಟ್ಬೇಡ. ನಾನು ಬಂದು ಇಳಿಸ್ಕೋತೀನಿ."

"ನಾನ್ಯಾಕೆ ಮುಟ್ಲಿ," ಎಂದಳು ಅವಳು.

ಮುಟ್ಟುವ ಮನಸ್ಸು ಅವಳಿಗೆ ಆಗ ಖಂಡಿತ ಇರಲಿಲ್ಲ. ಅವಳು ಲೇತಿನ ಮುಂದೆ ನಿಂತದ್ದು ಬೇರೆ ದಾರಿಯಿಲ್ಲದೆ. ಇಬ್ಬರು ಹೆಂಗಸರು, ಒಂದು ಮನೆ, ಕಡಿದು ಬಿದ್ದ ಅಷ್ಟೊಂದು ಮರ. ಚಳಿಗಾಲ ಕಳೆಯುವುದರೊಳಗೆ ಕಡೆಯದಿದ್ದರೆ ಮರ ಒಣಗಿ ಕಲ್ಲಾಗುತ್ತದೆ. ಹೆಪ್ಸಿ ಮರದ ತುಂಡನ್ನು ಕಚ್ಚಿ ಹಿಡಿಯುವ ಕುದುರೆಮಣೆ ಹತ್ತಿ ಕೂತು ಮರ ಸವರಿಕೊಡುವುದು, ಡಾರ್ಕಸ್ ಕಡೆಯುವುದು ಎಂದಾಯಿತು. ಗಂಡನ ಲೇತು ಅವಳಿಗೆ ಎತ್ತರ, ಅದಕ್ಕೆ ಹಲಗೆ ಹಾಕಿಕೊಂಡು ನಿಂತಳು.

"ಅಬ್ನರಣ್ಣ, ನಂಗೊಂದು ಓರೆ ಉಳಿ ಆರಿಸಿಕೊಡು ಬಾ," ಎಂದು ಒಂದು ದಿನ ನನ್ನನ್ನು ವಿಕಂಗೆ ಹೊರಡಿಸಿದಳು.

ಅಂಗಡಿಯವನು ಬೆಳ್ಳಿಯ ಹಾಗೆ ಹೊಳೆಯುವ ಉಳಿಗಳನ್ನು ಸಾಲಾಗಿ ಹರಡಿದ. ಡಾರ್ಕಸ್ ಎಲ್ಲಕ್ಕಿಂತ ಹೆಚ್ಚು ಹೊಳೆಯುವುದಕ್ಕೆ ಕೈ ಹಾಕಿದಳು.

"ಅದು ಬಿಡು, ಚಾಪೆಲ್‌ಗೆ ಹಾಕ್ಕೊಂಡು ಹೋಗೋಕೆ ಚೆನ್ನಾಗಿರುತ್ತೆ," ಎಂದೆ. "ಮೊದ್ಲು ದಪ್ಪ ನೋಡು. ತೆಳ್ಳಗಿದ್ರೆ ಮರದ ಮೇಲೆ ನಡುಗುತ್ತೆ, ನೀನೂ ನಡುಗ್ತೀಯ. ಅಗಲ ಇರ್ಬೇಕು. ಕಿರಿದಾಗಿದ್ರೆ ಉದ್ದ ಮೂಲೆ ಮರಕ್ಕೆ ಯಾವಾಗ ತಾಗ್ತು ಅಂತ ಗೊತ್ತೇ ಆಗಲ್ಲ. ಕಿರಿದು ಕಾಲಿನ ಸುತ್ತ ಬಳೆ ಕೊರೆಯೋಕೆ ಮಾತ್ರ. ಕಣ್ಣಿಗೆ ಹಿಡಿದು ನೋಡು, ನೆಟ್ಟಗಿದೆಯಾ? ಪಕ್ಕದ ಅಂಚು ಸವರು. ಚೂಪಾಗಿದ್ರೆ ಲೇತಲ್ಲಿ ಉಳಿ ಊರೋ ಆನಿಕೆ ಮೇಲೆ ಜಾರಲ್ಲ, ತಡೆದು ತಡೆದು ಹೋಗುತ್ತೆ."

"ಇವ್ರು ಉಳಿ ತಗೋತಾರೋ ಸೊಸೆ ತರ್ತಾರೋ," ಎಂದ ಅಂಗಡಿಯವನು.

"ಸೊಸೆ ಸರಿಯಿಲ್ದಿದ್ರೆ ವಾಪಸ್ ಕಳಿಸ್ಬೋದು," ಎಂದಳು ಡಾರ್ಕಸ್. ಅವಳು ನಕ್ಕಿದ್ದನ್ನು ಆ ವರ್ಷ ನಾನು ನೋಡಿದ್ದು ಅದೊಂದೇ ಸಲ.

ನಾನು ಹೇಳಿದಂಥ ಉಳಿ ಅಲ್ಲಿ ಒಂದೂ ಇರಲಿಲ್ಲ. ಯುದ್ಧ ಒಳ್ಳೆಯ ಉಕ್ಕನ್ನೆಲ್ಲ ತಿಂದುಕೊಂಡು ಬಿಸ್ಕತ್ತಿನಷ್ಟು ತೆಳುವಾದವನ್ನು ನಮಗೆ ಬಿಟ್ಟಿತ್ತು. ಇದ್ದುದರಲ್ಲಿ ಅಗಲವಾದದ್ದನ್ನು ತಂದೆವು. ಅಂಚುಗಳನ್ನು ನಾನೇ ಉಜ್ಜಿ ಮೊಂಡು ಮಾಡಿಕೊಟ್ಟೆ. ನನ್ನ ಉಳಿ ಕೊಡಬಹುದಿತ್ತಲ್ಲ ಎಂದು ಕೇಳಬೇಡಿ. ನನ್ನದು ನನ್ನ ಕೈಗೆ ಕೂತದ್ದು, ಎಡಚಿಯ ಕೈಗೆ ಅದು ಹಾವು.

ಆ ತೆಳ್ಳನೆಯ ಉಳಿ ಅವಳನ್ನು ಗೋಳು ಹೊಯ್ದುಕೊಂಡಿತು. ಬೆಳಿಗ್ಗೆ ಮಸೆದರೆ ಊಟದ ಹೊತ್ತಿಗೆ ಮೊಂಡು. ಒತ್ತಿದರೆ ನಡುಗಿ ಕಾಲಿನ ಮೈಯೆಲ್ಲ ಅಲೆ ಅಲೆ. ಸಡಿಲ ಬಿಟ್ಟರೆ ಕಚ್ಚು. ನನ್ನ ಗುಡಿಸಲಿನಲ್ಲಿ ನಾನು ಕೆಲಸ ಮಾಡುತ್ತಿದ್ದರೂ ಅವಳ ಗುಡಿಸಲಿನಿಂದ ಉಳಿ ಕಚ್ಚಿದ ಸದ್ದು ಕೇಳುತ್ತಿತ್ತು. ಸದ್ದಾದ ಮೇಲೆ ಲೇತು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಬೈಗುಳ ಮಾತ್ರ ಕೇಳುತ್ತಿರಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಾರ್ಖಾನೆಯ ಫೋರ್‌ಮನ್ ಗಟರಿಡ್ಜ್ ಗಾಡಿಯಿಂದ ಅವಳ ಕಾಲುಗಳನ್ನು ಇಳಿಸಿಕೊಳ್ಳುವಾಗ ನಾನೂ ಇದ್ದೆ.

"ಏನಮ್ಮ ಇದು, ಕುರ್ಚಿ ಕಾಲು ಕೇಳಿದ್ರೆ ತಿರುಪು ಮೊಳೆ ಕಳಿಸಿದ್ದೀಯ," ಎಂದ. ಸುತ್ತ ಇದ್ದವರು ನಕ್ಕರು. ಅವನು ಕೆಟ್ಟವನೇನಲ್ಲ. ಜನ ಹೋದ ಮೇಲೆ ದನಿ ತಗ್ಗಿಸಿ, "ಈ ಸಲ ತಗೋತೀನಿ, ಜೇಬೆಜ್ ಮುಖ ನೋಡಿ. ಮುಂದಿನ ಗಾಡೀಲೂ ಹಿಂಗೇ ಬಂದ್ರೆ ಮಾಲೀಕ್ರು ನನ್ನನ್ನೇ ಆಚೆ ಹಾಕ್ತಾರೆ. ನಿನ್ನ ಜಾಗ ಬೇರೆಯೋರಿಗೆ ಕೊಡ್ಬೇಕಾಗುತ್ತೆ," ಎಂದ.

ಅಷ್ಟರಲ್ಲಿ ಅವಳು ಆಸ್ಪತ್ರೆಗೆ ಹೋಗಿಬಂದಳು. ತಣ್ಣನೆಯ ಗಾಳಿಯೇ ಔಷಧವೆಂದು ಜೇಬೆಜ್ ತೆರೆದ ಜಗುಲಿಯಲ್ಲಿ, ಮಂಜು ಬೀಳುವ ಗಾಳಿಯಲ್ಲಿ, ಹಾಸಿಗೆಗೆ ಅಂಟಿಕೊಂಡು ಮಲಗಿದ್ದನಂತೆ. ಮಾತಾಡಲು ಬಿಡುತ್ತಿರಲಿಲ್ಲವಂತೆ. ಆದರೂ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಉಳಿ?"

"ಗೋಡೆ ಮೇಲೇ ಇದೆ, ನೀನು ಬಿಟ್ಟ ಹಾಗೇ."

ಆಗ ಅದು ನಿಜವೇ ಆಗಿತ್ತು. ಹೊರಡುವಾಗ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ವಸಂತ ಕಾಣುವುದು ಕಷ್ಟ, ಮನೆಯಲ್ಲಿ ಏನು ಏರ್ಪಾಡು ಬೇಕೋ ಮಾಡಿಕೊಳ್ಳಿ ಎಂದರು.

ಅವಳು ಮಾಡಿಕೊಂಡ ಏರ್ಪಾಡು ಇದು. ಮೊದಲು ಗಂಡನ ಉಳಿಯನ್ನು ಮೊಳೆಯಿಂದ ಇಳಿಸಿ, ಇದ್ದ ಹಾಗೆಯೇ ಬಳಸಿ ನೋಡಿದಳು. ಉಕ್ಕು ಚಿನ್ನದಂಥದ್ದು. ಆದರೆ ಎಡಚಿಯಾದ್ದರಿಂದ ಮರಕ್ಕೆ ಒರಗುತ್ತಿದ್ದದ್ದು ಅದರ ಮೊಂಡು ಮೈ. ಅಲಗು ಮರ ಹಿಡಿಯಬೇಕಾದರೆ ಹಿಡಿಯನ್ನು ಕಿವಿಯ ತನಕ ಎತ್ತಬೇಕು, ಎತ್ತಿದರೆ ಕಚ್ಚುತ್ತದೆ. ಎರಡೂ ಮೈ ಸಮ ಮಾಡದೆ ಅವಳಿಗೆ ಅದು ಒಗ್ಗುವುದು ಸಾಧ್ಯವೇ ಇರಲಿಲ್ಲ. ಅವಳು ಉಳಿಯನ್ನು ಅಪ್ರನ್ನಿನಲ್ಲಿ ಸುತ್ತಿಕೊಂಡು ನನ್ನ ಗುಡಿಸಲಿಗೆ ಬಂದಳು.

"ಕಲ್ಲು ತಿರುಗಿಸಿಕೊಡು."

ನಾನು ಮೆಟ್ಟಿನಿಂದ ಕಾಲು ತೆಗೆದೆ. "ಬದುಕಿದ್ದಾನಲ್ಲೇ ಅವನು," ಎಂದೆ.

"ಗೊತ್ತು. ನಿನ್ನೆ ನೋಡ್ಕೊಂಡು ಬಂದಿದೀನಿ."

"ಮತ್ತೆ?"

"ಮತ್ತೆ ಏನು. ಅವ್ನು ಸಾಯೋ ತನಕ ನಾನೂ ಅತ್ತೇನೂ ಉಸಿರು ಬಿಗಿ ಹಿಡ್ಕೊಂಡು ಕೂತಿರ್ಬೇಕಾ? ಗಟರಿಡ್ಜ್ ಹೇಳಿದ್ದು ನೀನೂ ಕೇಳಿದ್ಯಲ್ಲ."

"ನಾನು ತಿರುಗಿಸಲ್ಲ. ಬೇರೆ ಏನ್ ಬೇಕಾದ್ರೂ ಕೇಳು."

"ಬೇರೆ ಏನೂ ಬೇಕಾಗಿಲ್ಲ," ಎಂದು ಹೊರಟಳು. ನಾನು ಅವಳ ಬೆನ್ನು ನೋಡುತ್ತ ನಿಂತೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಕಾಡಿನಲ್ಲಿ ಸಾಣೆಕಲ್ಲಿನ ಸದ್ದು ಶುರುವಾಯಿತು. ಅದು ಸುಮ್ಮನೆ ಅಲಗು ಚೂಪು ಮಾಡುವ ಸದ್ದಲ್ಲ. ಅದು ಬೇಗ ಮುಗಿಯುತ್ತದೆ. ಇದು ಮುಗಿಯಲೇ ಇಲ್ಲ. ಒಬ್ಬಳೇ ಹೇಗೆ ಎಂದು ಬೀಚ್ ಮರಗಳ ಸಂದಿಯಿಂದ ಹೋಗಿ ನೋಡಿದೆ. ಡಾರ್ಕಸ್ ಎಡಗೈ ಮುಂದಿಟ್ಟು ಉಳಿ ಹಿಡಿದಿದ್ದಳು. ಹಿಡಿಕೆ ತಿರುಗಿಸುತ್ತಿದ್ದದ್ದು ಹೆಪ್ಸಿ. ಮುದುಕಿಯ ಟೋಪಿ ಜಾರಿ ಬೆನ್ನಿಗೆ ಬಿದ್ದಿತ್ತು, ಮುಖ ಒದ್ದೆಯಾಗಿತ್ತು, ಕೈ ಮಾತ್ರ ಒಂದೇ ವೇಗದಲ್ಲಿ ಸುತ್ತುತ್ತಿತ್ತು. ಅವಳ ಗಂಡನೂ ಇದೇ ಕೆಮ್ಮಿನಲ್ಲಿ ಹೋದವನು. ಅವನ ಉಳಿಗೆ ಕಲ್ಲು ತಿರುಗಿಸಿದವಳೂ ಅವಳೇ. ಆವತ್ತು ಉಳಿ ಹಿಡಿದಿದ್ದವನು ಎಳೆಯ ಜೇಬೆಜ್. ಇದು ಅದೇ ಉಳಿ.

ನಾನು ಸದ್ದು ಮಾಡದೆ ಹಿಂದಕ್ಕೆ ಬಂದೆ. ಬರುವಾಗ ಟೋಪಿ ಕೈಯಲ್ಲಿತ್ತು. ಯಾವಾಗ ತೆಗೆದೆನೋ ನೆನಪಿಲ್ಲ.

ಸದ್ದು ಕೇಳಿದವರು ನಾನೊಬ್ಬನೇ ಅಲ್ಲ. ಮಾರನೆಯ ದಿನ ಯಾರೋ ಪುಣ್ಯಾತ್ಗಿತ್ತಿ ಟ್ಯಾಪಿಂಗ್ ಮನೆಯ ಹೊಸಿಲಿಗೆ ಜೀರಿಗೆ ಕೇಕು ತಂದಿಟ್ಟು ಹೋಗಿದ್ದಳು. ಅದು ನಮ್ಮಲ್ಲಿ ಸಾವಿನ ಮನೆಗೆ ಕೊಡುವುದು. ಹಂಗಿಸಲು ಇಟ್ಟಳೋ ಮರುಕಕ್ಕೆ ಇಟ್ಟಳೋ ದೇವರೇ ಬಲ್ಲ. ಡಾರ್ಕಸ್ ಅದನ್ನು ಒಳಗೆ ತಂದು ಕೊಯ್ದು ಅತ್ತೆಗೊಂದು ತುಂಡು ಕೊಟ್ಟು ತಾನೊಂದು ತಿಂದಳು. "ಚೆನ್ನಾಗಿತ್ತು, ಸ್ವಲ್ಪ ಸಕ್ಕರೆ ಕಮ್ಮಿ," ಎಂದು ಚಾಪೆಲ್ಲಿನ ಬಾಗಿಲಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಯಾರೂ ಕೇಕು ತರಲಿಲ್ಲ, ಮಾತೂ ಆಡಿಸಲಿಲ್ಲ.

ಕಾಲುಗಳು ಮಾತ್ರ ಎಷ್ಟು ಚೆನ್ನಾಗಿ ಬರತೊಡಗಿದವೆಂದರೆ ನನಗೇ ಹೊಟ್ಟೆ ಉರಿಯಿತು. ಎರಡೂ ಮೈ ಸಮನಾದ್ದರಿಂದ ಅವಳು ಕಾಲನ್ನು ಕಿತ್ತು ತಿರುಗಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಉಬ್ಬಿದ ನಡುವಿನಿಂದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ಯಾವಾಗಲೂ ದಪ್ಪದಿಂದ ಸಣ್ಣಕ್ಕೆ ಇಳಿಯುತ್ತ, ಮರದ ನಾರನ್ನು ಒರಗಿಸುತ್ತ ಹೋಗುತ್ತಿದ್ದಳು. ಗಟರಿಡ್ಜ್ ಕಾಲುಗಳನ್ನು ಕೆನ್ನೆಗೆ ಸವರಿ ನೋಡಿ ಮಾತಿಲ್ಲದೆ ಇಳಿಸಿಕೊಂಡ.

ಆಸ್ಪತ್ರೆಗೆ ಹೋದಾಗಲೆಲ್ಲ ಜೇಬೆಜ್ ಕೇಳುತ್ತಿದ್ದ, ನನ್ನ ಉಳಿ? ಅವಳು ಹೇಳುತ್ತಿದ್ದಳು, ಗೋಡೆ ಮೇಲೇ ಇದೆ. ಈಗ ಅದು ಸುಳ್ಳು. ಸುಳ್ಳು ಹೇಳಿ ಬಂದ ದಿನ ಅವಳು ಊಟ ಮಾಡುತ್ತಿರಲಿಲ್ಲವೆಂದು ಹೆಪ್ಸಿ ಹೇಳಿದಳು.

ಅವನು ವಸಂತ ಕಂಡ. ಬೇಸಿಗೆಯನ್ನೂ ಕಂಡ. ಡಾಕ್ಟರ ಲೆಕ್ಕ ತಲೆಕೆಳಗಾಗಿ ಜ್ವರ ಇಳಿಯಿತು, ಎದ್ದು ಕೂತ, ಓಡಾಡಿದ. ಚಳಿಗಾಲ ಇನ್ನೊಮ್ಮೆ ಬಂದುಹೋಗುವ ಹೊತ್ತಿಗೆ ಮನೆಗೆ ಕಳಿಸುತ್ತೇವೆ ಎಂಬ ಸುದ್ದಿ ಬಂತು. ಹೆಪ್ಸಿ ಮೊಣಕಾಲೂರಿ ಪ್ರಾರ್ಥನೆ ಮಾಡಿದಳು. ಡಾರ್ಕಸ್ ನನ್ನ ಗುಡಿಸಲಿಗೆ ಬಂದು ಮರದ ದಿಂಡಿನ ಮೇಲೆ ಕೂತು ಅತ್ತಳು. ಅವಳು ಅಳುವುದನ್ನು ನಾನು ನೋಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ ತಣ್ಣಗಾದ ಟೀ ಕೊಟ್ಟೆ.

"ಬದುಕಿ ಬರ್ತಿದ್ದಾನೆ ಅಂತ ಸಂತೋಷಕ್ಕೆ ಅಳ್ತಿದೀನೋ, ಸಿಕ್ಕಿಹಾಕ್ಕೊಂಡೆ ಅಂತ ಅಳ್ತಿದೀನೋ, ನಂಗೇ ಗೊತ್ತಾಗ್ತಿಲ್ಲ ಅಬ್ನರಣ್ಣ."

"ಹೇಳ್ಬಿಡು ಅವನಿಗೆ."

"ಏನಂತ ಹೇಳ್ಲಿ? ನೀನು ಉಸಿರಾಡ್ತಿದ್ದಾಗ್ಲೇ ನಿನ್ನ ಮಣ್ಣು ಮಾಡ್ಬಿಟ್ಟೆ ಅಂತಾನಾ? ಅಲ್ಲಿ ಮಲ್ಕೊಂಡು ಅವ್ನು ದಿನಾ ನೆನೆಸ್ಕೋತಿದ್ದದ್ದು ನನ್ನನ್ನಲ್ಲ, ಆ ಉಳೀನ. ಅದಿದೆ ಅಂತ ಬದುಕ್ದ."

ಅವಳು ಉಳಿಯನ್ನು ಮತ್ತೆ ಗಂಡನ ಇಳಿಜಾರಿಗೆ ತಂದಳು. ಯಾರನ್ನೂ ಏನೂ ಕೇಳಲಿಲ್ಲ, ಅಳತೆ ಮಾಡಲು ಏನೂ ಇರಲಿಲ್ಲ. ಮದುವೆಯಾದಂದಿನಿಂದ ಕಣ್ಣೆದುರು ಕಂಡದ್ದನ್ನು ನೆನೆದುಕೊಂಡು, ಒಂದು ಮೈ ಉದ್ದ, ಒಂದು ಮೈ ಮೊಂಡು, ಓರೆ ಅಷ್ಟೇ ಓರೆ. ಹಿಡಿಕೆ ತಿರುಗಿಸಿದ್ದು ಈ ಸಲವೂ ಹೆಪ್ಸಿಯೇ. ಡಾರ್ಕಸ್ ತಂದು ತೋರಿಸಿದಾಗ ನಾನು ಹೆಬ್ಬೆರಳು ಸವರಿ ದಂಗಾದೆ. ಇದು ಜೇಬೆಜ್‌ನದೇ. ಉಳಿ ಗಿಡ್ಡವಾಗಿತ್ತು ನಿಜ, ಆದರೆ ಇಷ್ಟು ದಿನದ ಮೇಲೆ ಯಾರಿಗೆ ನೆನಪಿರುತ್ತದೆ ಎಂದುಕೊಂಡೆವು. ಅವಳು ಅದನ್ನು ಎಣ್ಣೆ ಸವರಿ ಮೊಳೆಗೆ ತೂಗುಹಾಕಿ, ತೆಳ್ಳನೆಯ ಉಳಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಬಂದವನು ಜೇಬೆಜ್ ಎಂದು ಗುರುತಿಸಲು ಅವನ ಎತ್ತರವೊಂದೇ ಉಳಿದಿತ್ತು. ಕೋಟು ಗೂಟಕ್ಕೆ ಹಾಕಿದಂತೆ ಜೋತಾಡುತ್ತಿತ್ತು. ಉಗುಳಲು ಜೇಬಿನಲ್ಲಿ ನೀಲಿ ಗಾಜಿನ ಕುಪ್ಪಿ, ರಾತ್ರಿಯಿಡೀ ಕಿಟಕಿ ತೆರೆದಿರಬೇಕೆಂಬ ಅಪ್ಪಣೆ. ಹೆಪ್ಸಿ ಬೇಕನ್ ಕಡುಬು ಮಾಡಿ ಬಡಿಸಿದಳು, ಒಂದು ತುತ್ತು ತಿಂದು ಚೆನ್ನಾಗಿದೆ ಎಂದ. ಮೊದಮೊದಲು ಗುಡಿಸಲಿಗೆ ಬಂದು ಹೊಟ್ಟಿನ ರಾಶಿಯ ಮೇಲೆ ಕೂತು ಹೆಂಡತಿ ಕಡೆಯುವುದನ್ನು ನೋಡುತ್ತಿದ್ದ. ತೆಳ್ಳನೆಯ ಉಳಿ ಎಂದಿನಂತೆ ಕಚ್ಚುತ್ತಿತ್ತು.

"ಇದ್ರಲ್ಲೇ ಅಷ್ಟು ಗಾಡಿ ಕಾಲು ಕಳಿಸಿದ್ಯಾ?" ಎಂದು ಕೇಳಿದ.

"ಹೂಂ."

"ಭೇಷ್," ಎಂದ. ಆ ಒಂದು ಮಾತಿಗೆ ಅವಳ ಮುಖ ಸುಣ್ಣವಾದದ್ದನ್ನು ನಾನು ಕಂಡೆ.

ಒಂದು ಬೆಳಿಗ್ಗೆ, ಬಿಸಿಲು ಚೆನ್ನಾಗಿ ಬಂದಾಗ, ಅವನು ಎದ್ದು ಉಳಿಯನ್ನು ಮೊಳೆಯಿಂದ ಇಳಿಸಿದ. ನಾನು ಬೆಣೆಯೊಂದನ್ನು ಕೇಳಲು ಹೋದವನು ಬಾಗಿಲಲ್ಲೇ ನಿಂತೆ. ಹೆಪ್ಸಿ ಕುದುರೆಮಣೆಯ ಮೇಲೆ ಸವರುವುದನ್ನು ನಿಲ್ಲಿಸಿದಳು. ಜೇಬೆಜ್ ಹೆಬ್ಬೆರಳು ಸವರಿದ, ತಲೆಯಾಡಿಸಿದ. ಅವನ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಗೆದ್ದೆವು ಎಂದುಕೊಂಡೆ. ಆಮೇಲೆ ಉಳಿಯನ್ನು ಬೆಳಕಿಗೆ ಹಿಡಿದ.

ಸಾಣೆಕಲ್ಲು ಉಕ್ಕಿನ ಮೇಲೆ ಸಣ್ಣ ಸಣ್ಣ ಗೀರು ಬಿಡುತ್ತದೆ. ಬಲಗೈಯವನು ಹಿಡಿದರೆ ಅವು ಒಂದು ಕಡೆಗೆ ವಾಲುತ್ತವೆ, ಎಡಚ ಹಿಡಿದರೆ ಇನ್ನೊಂದು ಕಡೆಗೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಡಾರ್ಕಸ್‌ಗೂ ಗೊತ್ತಿತ್ತು. ಇಳಿಜಾರಿನ ಚಿಂತೆಯಲ್ಲಿ ಇಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ಅವನು ಗೀರು ನೋಡಿದ. ಉಳಿಯನ್ನು ಅಂಗೈಯಿಂದ ಮೊಣಕೈಯವರೆಗೆ ಇಟ್ಟುಕೊಂಡು ಉದ್ದ ನೋಡಿದ. ಇಷ್ಟು ಉಕ್ಕು ಚೂಪು ಮಾಡುವುದರಲ್ಲಿ ಹೋಗುವುದಿಲ್ಲ, ಇಳಿಜಾರು ಬದಲಿಸಿದರೆ ಮಾತ್ರ ಹೋಗುತ್ತದೆ. ಅದನ್ನು ಲೆಕ್ಕ ಹಾಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಒಂದ್ಸಲ ನನ್ನ ಹೂತೆ," ಎಂದ ಹೆಂಡತಿಯ ಕಡೆ ನೋಡದೆ. "ಆಮೇಲೆ ಬರ್ತೀನಿ ಅಂತ ಗೊತ್ತಾದ್ಮೇಲೆ ಅಗೆದು ತೆಗೆದೆ. ಅಲ್ವಾ?"

"ಹೌದು," ಎಂದಳು ಡಾರ್ಕಸ್.

"ಕಾಯೋಕೆ ಆಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲ."

ಅವಳು ಗಟರಿಡ್ಜ್‌ನ ಮಾತು ಹೇಳಬಹುದಿತ್ತು, ಡಾಕ್ಟರ ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಬಾಯಿ ಬಿಡಬೇಕೆನಿಸಿತು, ಅವಳು ನನ್ನ ಕಡೆ ಒಂದು ನೋಟ ಬೀರಿ ಬಾಯಿಗೆ ಬೀಗ ಹಾಕಿದಳು.

"ಅಲ್ಲಿ ನಾನು ಪ್ರತಿ ಸಲ ಕೇಳ್ದೆ. ಪ್ರತಿ ಸಲ ನೀನು ಗೋಡೆ ಮೇಲಿದೆ ಅಂದೆ." ಅವನಿಗೆ ಕೆಮ್ಮು ಬಂತು, ಕುಪ್ಪಿ ತೆಗೆದ, ಮುಚ್ಚಿದ. "ಕಲ್ಲು ತಿರುಗಿಸಿದ್ದು ಯಾರು? ಈ ಅಬ್ನರ್ರಾ?"

"ನಾನೇ ತಿರುಗಿಸ್ಕೊಂಡೆ," ಎಂದಳು.

"ಒಬ್ಳೇ ತಿರುಗಿಸಿ ಒಬ್ಳೇ ಹಿಡಿಯೋಕೆ ನಿಂಗೇನು ನಾಲ್ಕು ಕೈಯಾ? ಯಾರು ಅಂತ ಕೇಳಿದ್ದು ನಾನು. ನನ್ನ ಸಾವಿಗೆ ಹತ್ತಿರದೋರು ಯಾರು ಸಿಕ್ರು ನಿಂಗೆ?"

ಡಾರ್ಕಸ್ ಕೊಂದರೂ ಹೇಳುತ್ತಿರಲಿಲ್ಲ, ಅದು ನನಗೆ ಗೊತ್ತು.

"ನಾನು ಕಣೋ," ಎಂದಳು ಹೆಪ್ಸಿ.

ಜೇಬೆಜ್ ತಾಯಿಯ ಕಡೆ ತಿರುಗಿದ. ಮುದುಕಿ ಕುದುರೆಮಣೆಯಿಂದ ಇಳಿಯಲಿಲ್ಲ, ಕೈಯಲ್ಲಿದ್ದ ಸವರುಗತ್ತಿಯನ್ನೂ ಇಡಲಿಲ್ಲ.

"ನಿಮ್ಮಪ್ಪನ್ನ ನೋಡಿದ್ದೆ. ಆ ಕೆಮ್ಮು ನಂಗೊತ್ತು. ಅವಳು ಬಾಯಿಬಿಟ್ಟು ಕೇಳೋಕೂ ಹೆದರ್ತಿದ್ಲು, ಹಿಡ್ಕೊಳೇ ಅಂದೋಳು ನಾನೇ. ಬೈಯೋದಾದ್ರೆ ನನ್ನ ಬೈಕೋ. ನೀನು ಸತ್ತೆ ಅಂದ್ಕೊಂಡಿದ್ದೆ ಕಣಪ್ಪ ನಾನು. ಬದುಕ್ತೀಯ ಅಂತ ಅಂದ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ."

ಹೆಂಡತಿಯನ್ನು ಬೈಯಲು ಅವನು ಕೂಡಿಟ್ಟುಕೊಂಡಿದ್ದ ಮಾತು ತಾಯಿಯ ಮುಂದೆ ಬರಲಿಲ್ಲವೆಂದು ಕಾಣುತ್ತದೆ. ಉಳಿಯನ್ನು ಲೇತಿನ ಮೇಲಿಟ್ಟು ಹೊರಗೆ ಹೋದ. ನಾಲ್ಕು ಹೆಜ್ಜೆಗೊಮ್ಮೆ ಮರ ಹಿಡಿದು ನಿಲ್ಲುತ್ತ ಕಾಡಿನೊಳಕ್ಕೆ ನಡೆದ. ಯಾರೂ ಹಿಂದೆ ಹೋಗಲಿಲ್ಲ. ಡಾರ್ಕಸ್ ಉಳಿಯನ್ನು ಮತ್ತೆ ಮೊಳೆಗೆ ತೂಗುಹಾಕಿದಳು.

ಆಮೇಲೆ ಅವನು ಎಷ್ಟೋ ದಿನ ಇಬ್ಬರ ಹತ್ತಿರವೂ ಮಾತಾಡಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದ, ತೆರೆದ ಕಿಟಕಿಯ ಕೆಳಗೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ನನ್ನ ಗುಡಿಸಲಿಗೆ ಬಂದು ಕೂರುತ್ತಿದ್ದ, ಮಾತಿಗಲ್ಲ, ಲೇತಿನ ಸದ್ದಿಗೆ. ಒಂದು ಸಲ ನನ್ನ ಉಳಿ ಕೇಳಿ ಇಸಿದುಕೊಂಡು ಮೆಟ್ಟು ಮೆಟ್ಟಿದ. ಕೆಲವು ಸಲ ಮೆಟ್ಟುವುದರೊಳಗೆ ತುಟಿ ನೀಲಿಯಾಯಿತು. ಉಳಿಯನ್ನು ನನಗೆ ವಾಪಸ್ಸು ಕೊಟ್ಟು, "ನಿನ್ನ ಉಳಿ ಯಾವತ್ತೂ ದರಿದ್ರವೇ," ಎಂದ. ತಪ್ಪು ಉಳಿಯದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಹೊತ್ತಿಗೆ ಪಕ್ಕದಿಂದ ಉಳಿ ಕಚ್ಚಿದ ಸದ್ದು ಬಂತು. ಲೇತು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಮತ್ತೆ ಕಚ್ಚಿತು. ಜೇಬೆಜ್ ಕಿವಿಗೊಟ್ಟು ಕೂತಿದ್ದ.

"ಅವಳು ಯಾವತ್ತೂ ಬೈಯಲ್ವಾ?" ಎಂದು ಕೇಳಿದ.

"ಇಲ್ಲ."

"ನಾನಾಗಿದ್ರೆ ಕಾಡು ಕಿತ್ತುಹೋಗೋ ಹಾಗೆ ಬೈತಿದ್ದೆ."

ಎದ್ದು ಹೋದ. ನಾನೂ ಹಿಂದೆಯೇ ಹೋದೆ, ಬೀಳಬಹುದೆಂದು. ಅವನು ಗುಡಿಸಲೊಳಗೆ ಹೋಗಿ ಲೇತಿನ ಮೆಟ್ಟಿನ ಮೇಲಿದ್ದ ಹೆಂಡತಿಯ ಕಾಲು ನಿಲ್ಲುವ ತನಕ ಕಾದ. ಮೊಳೆಯಿಂದ ತನ್ನ ಉಳಿ ಇಳಿಸಿ ಅವಳ ಎಡಗೈಗೆ ಕೊಟ್ಟ.

"ಬಾ," ಎಂದ.

ಸಾಣೆಕಲ್ಲು ಗುಡಿಸಲಿನ ಹಿಂದೆ ಇತ್ತು. ಅವನು ಹಿಡಿಕೆಯ ಕಡೆಗೆ ಹೋಗಿ ನಿಂತ. ಡಾರ್ಕಸ್‌ಗೆ ಅರ್ಥವಾಯಿತು, ನನಗೂ ಆಯಿತು. ಅವಳು ಬೇಡ ಎಂದು ತಲೆಯಾಡಿಸಿದಳು.

"ಬೇಡ ಜೇಬೆಜ್. ಹಿಂಗೆ ಬೇಡ."

"ಇನ್ ಹೆಂಗೆ? ಕಾಯ್ತೀಯಾ ಈ ಸಲ?" ಎಂದ. ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಇಲ್ಲವೆಂದು ನಾನು ಹೇಳುವುದಿಲ್ಲ. "ಆ ತಗಡಿನ ಉಳಿ ಜೊತೆ ಗುದ್ದಾಡ್ತಾ ಕೂತ್ಕೋ, ಗಟರಿಡ್ಜ್ ನಿನ್ನ ಆಚೆ ಹಾಕ್ಲಿ, ಅಮ್ಮ ಉಪವಾಸ ಬೀಳ್ಲಿ. ಹಿಡಿ. ನಂಗೆ ತುಂಬ ಹೊತ್ತು ತಿರುಗಿಸೋಕಾಗಲ್ಲ."

ಅವಳು ಹಿಡಿದಳು. ಅವನು ತಿರುಗಿಸಿದ. ನಾನು ಕಲ್ಲಿಗೆ ನೀರು ಹನಿಸಿದೆ. ಕೆಮ್ಮು ಬಂದಾಗ ನಿಲ್ಲಿಸುತ್ತಿದ್ದ, ನಾನು ಕೈ ಹಾಕಲು ಹೋದರೆ ಮೊಣಕೈಯಿಂದ ತಳ್ಳುತ್ತಿದ್ದ. ಹೆಪ್ಸಿ ಬಂದು ಮೂಲೆಯಲ್ಲಿ ನಿಂತಳು. ಯಾರೂ ಅಳಲಿಲ್ಲ. ಉಳಿಯ ಮೊಂಡು ಮೈ ನಿಧಾನವಾಗಿ ಉದ್ದವಾಗಿ ಇನ್ನೊಂದಕ್ಕೆ ಸಮನಾಗುವುದನ್ನು ಅವನು ಬಗ್ಗಿ ನೋಡುತ್ತಿದ್ದ. ಒಮ್ಮೆ, "ತುದಿ ಸುಡ್ತಿದೆ, ಎತ್ತು," ಎಂದ. ಇನ್ನೊಮ್ಮೆ, "ಅಷ್ಟು ಸಾಕು, ಉಕ್ಕು ಉಳಿಸು," ಎಂದ. ಮುಗಿದ ಮೇಲೆ ಹೆಬ್ಬೆರಳು ಸವರಿ ಅವಳಿಗೆ ಕೊಟ್ಟ. ಅವಳು ಒಂದು ಕಾಲು ಕಡೆದಳು. ಸಿಪ್ಪೆ ಮುರಿಯದೆ ಉದ್ದಕ್ಕೆ ಬಂದು ಅವನ ಬೂಟಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿಕೊಂಡು ಜೇಬಿಗೆ ಹಾಕಿದ.

ಆ ದಿನದಿಂದ ಅವನು ಅವಳ ಹತ್ತಿರ ಮಾತಾಡತೊಡಗಿದ. ಕ್ಷಮಿಸಿದನೇ ಎಂದು ನನ್ನನ್ನು ಕೇಳಿದವರಿದ್ದಾರೆ. ನನಗೆ ಗೊತ್ತಿಲ್ಲ. ಅವನು ಕೂತಲ್ಲಿಂದಲೇ ಅವಳ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ, ಅವಳು ತಿರುಗಿ ಜವಾಬು ಕೊಡುತ್ತಿದ್ದಳು. ಗಂಡ ಹೆಂಡತಿಯ ಜಗಳ ಕೇಳಿಸುವ ಮಟ್ಟಿಗೆ ಅದು ಮತ್ತೆ ಮನೆಯಾಗಿತ್ತು.

ಬೀಚ್ ಎಲೆ ಕೆಂಪಾಗುವ ಕಾಲಕ್ಕೆ ಅವನು ಹೋದ. ಮಣ್ಣು ಮಾಡಿದ ಮಾರನೆಯ ದಿನ ನಾವೆಲ್ಲ ವಾಡಿಕೆಯಂತೆ ಗುಡಿಸಲಿನ ಹಿಂದೆ ಸೇರಿ, ಟೋಪಿ ಕೈಯಲ್ಲಿ ಹಿಡಿದು, ಸಾಣೆಕಲ್ಲಿನ ಸುತ್ತ ನಿಂತೆವು. ಹೆಪ್ಸಿ ಹಿಡಿಕೆಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದಳು, ಕೈ ಮಡಿಲಲ್ಲಿತ್ತು. ಡಾರ್ಕಸ್ ಉಳಿ ಹಿಡಿದು ಹೊರಗೆ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಮನೆಗೆ ಹೋಗ್ರಪ್ಪ," ಎಂದಳು. "ಇದಕ್ಕೆ ಅವ್ನೇ ತಿರುಗಿಸಿ ಹೋಗಿದ್ದಾನೆ."